ಮಿರಜದ ದವಾಖಾನಿ ಮತ್ತು ಕ್ರಿಸ್‌ಮಸ್ಸಿನ ಗಂಟು

ನಮ್ಮೂರು ಉಗಾರ ಬುದ್ರುಕ. ಕೃಷ್ಣಾ ಹೊಳಿ ಸೀಮೆಯ ಊರು. ಹಿಂದೆ ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕಿಗೆ ಸೇರಿದೆ. ಬುದ್ರುಕ ಅಂದರೆ ದೊಡ್ಡದು, ಖುರ್ದ ಅಂದರೆ ಸಣ್ಣದು. ಆದರೆ ಸಕ್ಕರೆ ಕಾರ್ಖಾನೆ, ರೈಲು ಸ್ಟೇಶನ್ನು ಎರಡೂ ಇರುವುದು ಉಗಾರ ಖುರ್ದದಲ್ಲಿ. ಅಲ್ಲಿ ಗಾಡಿ ಹತ್ತಿದರೆ ಶೇಡಬಾಳ, ವಿಜಯನಗರ ದಾಟಿ ಮಿರಜ. ನಮ್ಮ ಮಂದಿಗೆ ಕಚೇರಿ ಕೆಲಸಕ್ಕೆ ಬೆಳಗಾವಿ, ಜೀವ ಹೋಗುವಂಥ ಜಡ್ಡಿಗೆ ಮಿರಜ. "ಇನ್ನ ಮಿರಜಕ್ಕ ಒಯ್ರಿ" ಎಂದು ಊರಿನ ವೈದ್ಯ ಅಂದರೆ ಮನೆಯವರು ಅಳುವುದಕ್ಕೂ ತಯಾರಾಗುತ್ತಿದ್ದರು, ಸ್ವಲ್ಪ ಧೈರ್ಯಕ್ಕೂ ತಯಾರಾಗುತ್ತಿದ್ದರು.

ನಮ್ಮ ಕೇರಿಯ ಹಿರಿಯರ ಬಾಯಲ್ಲಿ ಮಿರಜದ ಮಿಶನ್ ದವಾಖಾನಿಯ ಕತೆ ಬಂದಾಗಲೆಲ್ಲ ನಾವು ಒಂದು ಸಂಗತಿ ಗಮನಿಸಿದ್ದೇವೆ. ಯಾವ ಔಷಧ ಕೊಟ್ಟರು, ಎಷ್ಟು ಹೊಲಿಗೆ ಹಾಕಿದರು ಎಂಬುದನ್ನು ಅವರು ಅಷ್ಟಾಗಿ ಹೇಳುವುದಿಲ್ಲ. "ಡಾಕ್ಟರ ನಮ್ಮವ್ವನ ಕೈ ಹಿಡದು ನಾಡಿ ನೋಡಿದಾ" ಅನ್ನುತ್ತಾರೆ. ಅದನ್ನೇ ಎರಡು ಸಲ, ಮೂರು ಸಲ ಹೇಳುತ್ತಾರೆ. ಓದಿದವರಿಗೆ ಇದೇನು ದೊಡ್ಡ ಮಾತು ಅನ್ನಿಸಬಹುದು. ನಾಡಿ ನೋಡದೆ ವೈದ್ಯ ಇನ್ನೇನು ಮಾಡಬೇಕು? ಆದರೆ ಊರಿನ ಬಾವಿಯ ಹಗ್ಗ ಮುಟ್ಟಿದ್ದಕ್ಕೆ ಬೈಗುಳ ತಿಂದವರಿಗೆ, ಹೋಟೆಲಿನ ಹೊರಗೆ ಕುಳಿತು ತೆಂಗಿನ ಕರಟದಲ್ಲಿ ಚಹಾ ಕುಡಿದವರಿಗೆ, ಇನ್ನೊಬ್ಬ ಮನುಷ್ಯ ಅಂಜದೆ, ಅಸಹ್ಯ ಪಡದೆ ಕೈ ಹಿಡಿದ ಎಂಬುದೇ ಒಂದು ಚರಿತ್ರೆ.

ಅದೇ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಅದು ಕ್ರಿಸ್‌ಮಸ್ಸಿನ ಗಂಟು. ಡಿಸೆಂಬರದಾಗ ಮಿಶನ್ನಿನವರು ಹಂಚುತ್ತಿದ್ದ ಅಂಗಿ, ಸಾಬೂನು, ಮಿಠಾಯಿ, ಚಿತ್ರದ ಕಾರ್ಡು. ಅದನ್ನು ಹೇಳುವಾಗ ಮಾತ್ರ ಅವರ ದನಿ ಬದಲಾಗುತ್ತದೆ. ಸ್ವಲ್ಪ ಸಂತೋಷ, ಸ್ವಲ್ಪ ನಾಚಿಕೆ. ಇಸಕೊಂಡವರ ನಾಚಿಕೆ.

ಕೈ ಹಿಡಿದ ಕತೆಗೂ ಗಂಟಿನ ಕತೆಗೂ ಇರುವ ಈ ಅಂತರವೇ ನಮ್ಮ ಲೇಖನದ ವಿಷಯ. ಎರಡೂ ಬಂದದ್ದು ಒಂದೇ ಮೂಲದಿಂದ. ಕಡಲಾಚೆಯ ಕಾಲೇಜುಗಳ ಹುಡುಗರು ಕಟ್ಟಿದ ಒಂದು ಚಳವಳಿಯಿಂದ. ಆ ಚಳವಳಿಯ ಬೇರು ಹುಡುಕುತ್ತ ಹೋದರೆ ಅದು ಸಿಗುವುದು ಅಮೆರಿಕದಲ್ಲಿ ಮಾತ್ರವಲ್ಲ. ನಮ್ಮ ಪಕ್ಕದ ಕೊಲ್ಲಾಪುರದಲ್ಲೂ ಸಿಗುತ್ತದೆ.

*

ಕೊಲ್ಲಾಪುರದ ಪಂಚಗಂಗಾ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡಿ, ಆಮೇಲೆ ನಮ್ಮ ಸೀಮೆಗೆ ಹರಿದು ಬರುತ್ತದೆ. ಆ ಕೊಲ್ಲಾಪುರಕ್ಕೆ 1852ರಲ್ಲಿ ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಪಾದ್ರಿ ಬಂದ. ಶಾಲೆ ತೆರೆದ, ಬಜಾರಿನಲ್ಲಿ ನಿಂತು ಉಪದೇಶ ಮಾಡಿದ, ಊರವರ ವಿರೋಧ ಕಟ್ಟಿಕೊಂಡ. ತನ್ನನ್ನು ಕಳಿಸಿದ ಮಂಡಳಿಯೊಂದಿಗೂ ಮನಸ್ತಾಪವಾಗಿ ಸ್ವದೇಶಕ್ಕೆ ಹೋದ. 1861ರಲ್ಲಿ ಯಾವ ಮಂಡಳಿಯ ಆಸರೆಯೂ ಇಲ್ಲದೆ ಮತ್ತೆ ಬಂದ. 1870ರಲ್ಲಿ ಆ ಮಿಶನ್ನು ಅಮೆರಿಕದ ಪ್ರೆಸ್ಬಿಟೇರಿಯನ್ ಮಂಡಳಿಯ ಕೈಗೆ ಹೋಯಿತು.

ಈ ಪಾದ್ರಿಯ ಮಗ ರಾಬರ್ಟ್ ವೈಲ್ಡರ್ ಹುಟ್ಟಿದ್ದು ಕೊಲ್ಲಾಪುರದಲ್ಲಿ, 1863ರಲ್ಲಿ. ಬಾಲ್ಯ ಕಳೆದದ್ದೂ ಅಲ್ಲೇ. ಆಮೇಲೆ ಮನೆಯವರು ಅಮೆರಿಕಕ್ಕೆ ಮರಳಿದರು. ಹುಡುಗ ಪ್ರಿನ್ಸ್‌ಟನ್ ಕಾಲೇಜು ಸೇರಿದ. ಅಕ್ಕ ಗ್ರೇಸ್ ವೈಲ್ಡರ್ ಮೌಂಟ್ ಹೋಲಿಯೋಕಿನಲ್ಲಿ ಓದಿದವಳು. ಅಕ್ಕ ತಮ್ಮ ಇಬ್ಬರೂ ಸಂಜೆ ಕೂತು, ಅಮೆರಿಕದ ಕಾಲೇಜುಗಳಿಂದ ಸಾವಿರ ಹುಡುಗರು ಹೊರದೇಶಗಳಿಗೆ ಹೊರಡಬೇಕು ಎಂದು ಪ್ರಾರ್ಥನೆ ಮಾಡುತ್ತಿದ್ದರೆಂದು ಅವರ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ.

1886ರ ಜುಲೈ ತಿಂಗಳು. ಮ್ಯಾಸಚುಸೆಟ್ಸ್‌ನ ಮೌಂಟ್ ಹರ್ಮನ್ ಎಂಬಲ್ಲಿ ಮೂಡಿ ಎಂಬ ಪ್ರಸಿದ್ಧ ಉಪದೇಶಕ ಕಾಲೇಜು ವಿದ್ಯಾರ್ಥಿಗಳ ಶಿಬಿರ ಕರೆದಿದ್ದ. 251 ಜನ ಬಂದಿದ್ದರು. ಅದು ಬೈಬಲ್ ಓದುವ ಶಿಬಿರ, ಹೊರದೇಶದ ಸೇವೆಯ ಮಾತು ಅದರ ಕಾರ್ಯಕ್ರಮದಲ್ಲಿ ಮುಖ್ಯವೂ ಆಗಿರಲಿಲ್ಲ. ಕೊಲ್ಲಾಪುರದಲ್ಲಿ ಹುಟ್ಟಿದ ಈ ಇಪ್ಪತ್ತೆರಡರ ಹುಡುಗ ಒಬ್ಬೊಬ್ಬರನ್ನೇ ಹಿಡಿದು ಮಾತಾಡಿದ. ಶಿಬಿರ ಮುಗಿಯುವ ಹೊತ್ತಿಗೆ ನೂರು ಜನ, "ದೇವರ ಇಚ್ಛೆಯಿದ್ದರೆ ನಾವು ಹೊರದೇಶಕ್ಕೆ ಹೋಗಲು ಸಿದ್ಧ" ಎಂಬ ಅರ್ಥದ ಪ್ರತಿಜ್ಞೆ ಮಾಡಿದ್ದರು. ಮುಂದಿನ ಒಂದು ವರ್ಷ ವೈಲ್ಡರ್ ಮತ್ತು ಅವನ ಗೆಳೆಯ ಜಾನ್ ಫೋರ್ಮನ್ ಕಾಲೇಜಿಂದ ಕಾಲೇಜಿಗೆ ತಿರುಗಿದರು. ಪ್ರತಿಜ್ಞೆ ಮಾಡಿದವರ ಸಂಖ್ಯೆ ಎರಡು ಸಾವಿರ ದಾಟಿತು. 1888ರಲ್ಲಿ ಇದಕ್ಕೆ 'ವಿದ್ಯಾರ್ಥಿ ಸ್ವಯಂಸೇವಕ ಚಳವಳಿ' ಎಂಬ ಸಂಘಟನೆಯ ರೂಪ ಬಂತು, ಜಾನ್ ಮಾಟ್ ಅಧ್ಯಕ್ಷನಾದ. 1895ರಲ್ಲಿ ಸ್ವೀಡನ್ನಿನಲ್ಲಿ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಹುಟ್ಟಿತು. ಕೆಲವೇ ದಶಕಗಳಲ್ಲಿ ಈ ಚಳವಳಿಯ ಮೂಲಕ ಹೊರದೇಶಗಳಿಗೆ ಹೋದವರು 20,000ಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಈ ಪೀಳಿಗೆಯಲ್ಲೇ ಇಡೀ ಜಗತ್ತಿಗೆ ಸುವಾರ್ತೆ ಮುಟ್ಟಿಸಬೇಕು ಎಂಬುದು ಅವರ ಘೋಷಣೆ.

ಗೆಳೆಯರೇ, ನಾವೂ ಇಪ್ಪತ್ತರ ಆಸುಪಾಸಿನವರು. ನಾವೂ ಘೋಷಣೆ ಕೂಗುತ್ತ ಬೀದಿಗೆ ಇಳಿದವರು. ಆದ್ದರಿಂದ ಆ ಹುಡುಗರನ್ನು ಸುಮ್ಮನೆ ಗೇಲಿ ಮಾಡಲು ನಮಗೆ ಮನಸ್ಸು ಬರುವುದಿಲ್ಲ. ಊರು, ಮನೆ, ಸಂಬಳ ಬಿಟ್ಟು, ಕಾಲರಾ ಪ್ಲೇಗುಗಳ ನಡುವೆ ಬಂದು ಬದುಕುವುದು ಸಣ್ಣ ಕೆಲಸವಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆಗಳೂ ಉಂಟು. ಜಗತ್ತನ್ನು ಒಂದೇ ಪೀಳಿಗೆಯಲ್ಲಿ ಬದಲಿಸುತ್ತೇವೆ ಅನ್ನುವ ಆತ್ಮವಿಶ್ವಾಸ ಅವರಿಗೆ ಎಲ್ಲಿಂದ ಬಂತು? ಬ್ರಿಟಿಷರ ಬಂದೂಕು ಮೊದಲೇ ಬಂದು ದಾರಿ ಮಾಡಿತ್ತು. ಹಡಗು, ರೈಲು, ತಂತಿ ಎಲ್ಲವೂ ಸಾಮ್ರಾಜ್ಯದವು. ಆ ಹುಡುಗರು ಹೊರಟದ್ದು ಸೇವೆಗೆ, ಆದರೆ ನಡೆದದ್ದು ಆಳುವವರು ಹಾಕಿದ ದಾರಿಯಲ್ಲಿ. ಇದನ್ನು ಮರೆತರೆ ನಮ್ಮದು ಭಜನೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ.

*

ಅದೇ ಪೀಳಿಗೆಯ ಒಬ್ಬ ವೈದ್ಯ ವಿದ್ಯಾರ್ಥಿ ವಿಲಿಯಂ ಜೇಮ್ಸ್ ವಾನ್ಲೆಸ್. 1865ರಲ್ಲಿ ಕೆನಡಾದಲ್ಲಿ ಹುಟ್ಟಿದವನು, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿದವನು. 1889ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾಕ್ಟರನಾಗಿ ನಮ್ಮ ಸೀಮೆಗೆ ಬಂದ. ಮೊದಲು ಸಾಂಗಲಿಯಲ್ಲಿ ಸಣ್ಣ ಔಷಧಾಲಯ ನಡೆಸಿದ, ಆಮೇಲೆ ಮಿರಜಕ್ಕೆ ಬಂದ. 1894ರಲ್ಲಿ ಮಿರಜದ ಆಸ್ಪತ್ರೆ ಆರಂಭವಾಯಿತು. 1897ರಲ್ಲಿ ಇಲ್ಲಿನ ಹುಡುಗರಿಗೆ ವೈದ್ಯಕೀಯ ಕಲಿಸುವ ಶಾಲೆ ಶುರುವಾಯಿತು. ಕುಷ್ಠರೋಗಿಗಳಿಗೆ ಆಶ್ರಯ, ಕ್ಷಯರೋಗಿಗಳಿಗೆ ಆರೋಗ್ಯಧಾಮ ಬಂದವು. ಸಾಂಗಲಿ ಮಿರಜಗಳ ನಡುವೆ ವಾನ್ಲೆಸವಾಡಿ ಎಂಬ ಹೆಸರು ಹಾಗೇ ಉಳಿಯಿತು. ಸುಮಾರು ನಲವತ್ತು ವರ್ಷ ಇಲ್ಲಿ ಕೆಲಸ ಮಾಡಿ 1928ರಲ್ಲಿ 'ಸರ್' ಪದವಿ ಪಡೆದು ನಿವೃತ್ತನಾದ. 1933ರಲ್ಲಿ ತೀರಿಕೊಂಡ.

ಪಟವರ್ಧನರ ಸಂಸ್ಥಾನಗಳು, ಕೊಲ್ಲಾಪುರ ಸಂಸ್ಥಾನ, ಬ್ರಿಟಿಷ್ ಮುಂಬಯಿ ಪ್ರಾಂತ, ಹೀಗೆ ನಮ್ಮ ಸೀಮೆ ಹರಿದ ಕೌದಿಯಂತೆ ತುಂಡುತುಂಡಾಗಿದ್ದ ಕಾಲ ಅದು. ರೋಗಿಗೆ ಗಡಿ ಇರಲಿಲ್ಲ. ಕನ್ನಡದ ಮಂದಿ, ಮರಾಠಿ ಮಂದಿ ಎಲ್ಲರೂ ಚಕ್ಕಡಿ ಕಟ್ಟಿಕೊಂಡು, ರೈಲು ಹತ್ತಿ ಮಿರಜಕ್ಕೆ ಹೋದರು. ಇವತ್ತು ಗಡಿ ವಿಷಯದಲ್ಲಿ ಬಸ್ಸಿಗೆ ಮಸಿ ಬಳಿಯುವವರ ಅಜ್ಜಂದಿರೂ ಅದೇ ದವಾಖಾನಿಯ ಹಾಸಿಗೆಯಲ್ಲಿ ಅಕ್ಕಪಕ್ಕ ನರಳಿದ್ದಾರು.

ಈ ದವಾಖಾನಿಗೆ ದುಡ್ಡು ಎಲ್ಲಿಂದ ಬಂತು? ಕಟ್ಟಡಕ್ಕೆ ದೊಡ್ಡ ದೇಣಿಗೆ ಕೊಟ್ಟವನು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್, ರೈಲು ಎಂಜಿನ್ ಮಾಡುವ ಬಾಲ್ಡ್‌ವಿನ್ ಕಾರ್ಖಾನೆಯ ಮಾಲೀಕರಲ್ಲೊಬ್ಬ. ಅಂದರೆ ಅಮೆರಿಕದ ಕಾರ್ಖಾನೆಯಲ್ಲಿ ಬೆವರು ಸುರಿಸಿದ ಕೂಲಿಗಾರರ ದುಡಿಮೆಯ ಒಂದು ಪಾಲು ಮಿರಜದ ಗೋಡೆಯಲ್ಲಿದೆ. ಗೋಡೆಯ ಮೇಲೆ ಹೆಸರು ಬರುವುದು ಕೊಟ್ಟವನದು, ದುಡಿದವನದು ಬರುವುದಿಲ್ಲ. ಇದು ಅಮೆರಿಕಕ್ಕೆ ಮಾತ್ರ ಸೀಮಿತವಾದ ಪದ್ಧತಿಯಲ್ಲ. ನಮ್ಮೂರ ಗುಡಿಯ ಕಲ್ಲಿನ ಮೇಲೂ ಗೌಡರ ಹೆಸರಿದೆ, ಕಲ್ಲು ಹೊತ್ತವರ ಹೆಸರಿಲ್ಲ.

ದೊಡ್ಡವರ ದುಡ್ಡು ಮಾತ್ರ ಬಂದಿಲ್ಲ, ಬಡವರ ದುಡ್ಡೂ ಬಂದಿದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮಂಗಳೂರುಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಶನ್ನಿಗೆ ಸ್ವಿಟ್ಜರ್ಲೆಂಡಿನಲ್ಲಿ 1855ರ ಹೊತ್ತಿಗೆ ಕಾರ್ಲ್ ಸರಾಸಿನ್ ಎಂಬಾತ ಒಂದು ಸಂಗ್ರಹ ಆರಂಭಿಸಿದ. ವಾರಕ್ಕೊಮ್ಮೆ ಅರ್ಧ ಬಾಟ್ಸೆನ್ ಕೊಡುವುದು. ಬಾಟ್ಸೆನ್ ಅಂದರೆ ಅಲ್ಲಿಯ ಚಿಲ್ಲರೆ ನಾಣ್ಯ. ಕೂಲಿಯವರು, ಮನೆಗೆಲಸದವರು, ಹೊಲದವರು ಕೊಟ್ಟ ಚಿಲ್ಲರೆಯಿಂದ ಆ ಮಿಶನ್ನಿನ ದೊಡ್ಡ ಆದಾಯ ನಡೆಯಿತು. ಆ ಬಡವರು ನಮ್ಮನ್ನು ಯಾವತ್ತೂ ನೋಡಿರಲಿಲ್ಲ. ಅವರಿಗೆ ನಮ್ಮ ಬಗ್ಗೆ ಹೇಳಲಾದದ್ದು ಎಷ್ಟು ನಿಜ, ಎಷ್ಟು ಬಣ್ಣ ಎಂಬುದು ಬೇರೆ ಮಾತು. ಆದರೂ ಬಡವನೊಬ್ಬ ಇನ್ನೊಬ್ಬ ಬಡವನಿಗೆ ಕೊಟ್ಟ ಅರ್ಧ ಕಾಸಿಗೆ ನಾವು ಗೌರವ ಕೊಡುತ್ತೇವೆ.

1900ರ ಬರಗಾಲದಲ್ಲಿ ಅಮೆರಿಕದ ಒಂದು ಕ್ರೈಸ್ತ ಪತ್ರಿಕೆಯ ಓದುಗರ ಚಂದಾದಿಂದ ಕೊಂಡ ಎರಡು ಲಕ್ಷ ಬುಶೆಲ್ ಗೋವಿನಜೋಳ ಹೊತ್ತು 'ಕ್ವೀಟೋ' ಎಂಬ ಹಡಗು ಮುಂಬಯಿಗೆ ಬಂತು. ಅದೇ ಹೊತ್ತಿನಲ್ಲಿ ಸರ್ಕಾರ ಬರಗಾಲದ ಕಾಮಗಾರಿಯಲ್ಲಿ ಹಸಿದವರಿಂದ ಕಲ್ಲು ಒಡೆಸಿ, ಅಳತೆ ಹಿಡಿದು ಕೂಲಿ ಕೊಡುತ್ತಿತ್ತು. ಬಿಟ್ಟಿ ಕೂಳು ತಿಂದರೆ ಮಂದಿ ಸೋಮಾರಿಯಾದಾರು ಎಂಬುದು ಆಳುವವರ ಚಿಂತೆ. ಉಳಿದ ದೇಶಕ್ಕಿಂತ ನಮ್ಮ ಕೇರಿಗಳಿಗೆ ಆ ಚಿಂತೆ ಚೆನ್ನಾಗಿ ಗೊತ್ತು. ಇವತ್ತಿಗೂ ಅನ್ನಭಾಗ್ಯದ ಅಕ್ಕಿ ಬಂದರೆ ಊರ ಕಟ್ಟೆಯ ಮೇಲೆ ಅದೇ ಮಾತು ಕೇಳಿಬರುತ್ತದೆ.

*

ಈಗ ಗಂಟಿನ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಯುರೋಪು ಅಮೆರಿಕಗಳ ಭಾನುವಾರದ ಶಾಲೆಯ ಮಕ್ಕಳು, ಚರ್ಚಿನ ಮಹಿಳಾ ಮಂಡಳಿಗಳು ಮಿಶನ್ ಶಾಲೆಗಳಿಗೆ ಪೆಟ್ಟಿಗೆ ಕಟ್ಟಿ ಕಳಿಸುವ ರೂಢಿ ಬೆಳೆಯಿತು. ಹೊಲಿದ ಅಂಗಿ, ಬಟ್ಟೆಯ ಗೊಂಬೆ, ಸೂಜಿದಾರ, ಸಾಬೂನು, ಸುತ್ತಿದ ಬ್ಯಾಂಡೇಜು, ಬಳಸಿ ಮುಗಿದ ಕ್ರಿಸ್‌ಮಸ್ ಕಾರ್ಡು. ಕಾರ್ಡಿನ ಹಿಂಬದಿ ಯಾರೋ ಯಾರಿಗೋ ಬರೆದ ಹಾರೈಕೆಯನ್ನು ಕಾಗದ ಹಚ್ಚಿ ಮುಚ್ಚಿರುತ್ತಿದ್ದರು. ಹಿಮ ಬಿದ್ದ ಮನೆ, ಕೆಂಪು ಎದೆಯ ಹಕ್ಕಿ. ಕೃಷ್ಣಾ ತೀರದ ಕಬ್ಬಿನ ನಾಡಿನಲ್ಲಿ ಹಿಮ ನೋಡಿದವರು ಯಾರು? ಆದರೂ ಮಕ್ಕಳು ಅದನ್ನು ಗೋಡೆಗೆ ಅಂಟಿಸಿ ಕಾಪಾಡಿದರು.

ಗಂಟಿಗೆ ಒಂದು ರೀತಿ ರಿವಾಜು ಇರುತ್ತದೆ. ಸಾಲಿನಲ್ಲಿ ನಿಲ್ಲಬೇಕು. ಹೆಸರು ಕರೆದಾಗ ಮುಂದೆ ಬರಬೇಕು. ಕೈ ಮುಗಿಯಬೇಕು. ನಗಬೇಕು. ನಮ್ಮಲ್ಲಿ ಕೆಲವರು ಸಣ್ಣವರಿದ್ದಾಗ ಇಂಥ ಒಂದು ಸಾಲಿನಲ್ಲಿ ನಿಂತಿದ್ದೇವೆ. ಎಲ್ಲಿ, ಯಾವ ಸಂಸ್ಥೆ ಎಂದು ಹೇಳಬೇಕಾಗಿಲ್ಲ, ಅದು ಯಾವ ಧರ್ಮದ ಸಂಸ್ಥೆಯೂ ಆಗಬಹುದಿತ್ತು. ಹೊಸ ಅಂಗಿ ಕೊಟ್ಟರು. ತೊಟ್ಟುಕೊಳ್ಳುವ ಮೊದಲು, ಇದ್ದ ಹರಕು ಅಂಗಿಯಲ್ಲೇ ನಿಲ್ಲಿಸಿ ಒಂದು ಫೋಟೋ ಹೊಡೆದರು. ತೊಟ್ಟ ಮೇಲೆ ಇನ್ನೊಂದು. ಆ ಎರಡು ಫೋಟೋ ಎಲ್ಲಿಗೆ ಹೋದವೋ ನಮಗೆ ತಿಳಿಯಲಿಲ್ಲ. ಅಂಗಿ ಒಂದು ವರ್ಷಕ್ಕೆ ಹರಿಯಿತು. ಆ ಮೊದಲನೇ ಫೋಟೋ ಮಾತ್ರ ಎಲ್ಲೋ ಉಳಿದಿದೆ ಎಂಬ ಸಂಕಟ ಇನ್ನೂ ಹೋಗಿಲ್ಲ.

ಗಂಟು ಕಟ್ಟುವವರ ಮನಸ್ಸು ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಸಣ್ಣ ಮಗುವೊಂದು ತನ್ನ ಗೊಂಬೆಯನ್ನು ಕಾಣದ ಊರಿನ ಮಗುವಿಗೆ ಕಳಿಸಿದರೆ ಅದರಲ್ಲಿ ಪ್ರೀತಿ ಇದೆ. ಆದರೆ ಗಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಅಲ್ಲಿಂದ ಇಲ್ಲಿಗೆ ಬರುತ್ತದೆ, ಇಲ್ಲಿಂದ ಅಲ್ಲಿಗೆ ಹೋಗುವುದು ಕೃತಜ್ಞತೆಯ ಕಾಗದ ಮಾತ್ರ. ಇಂದೂ ಈ ಪದ್ಧತಿ ನಿಂತಿಲ್ಲ. 1990ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ರೊಮೇನಿಯಾದ ಅನಾಥ ಮಕ್ಕಳಿಗೆಂದು ಬೂಟಿನ ಡಬ್ಬಿಯಲ್ಲಿ ಉಡುಗೊರೆ ತುಂಬಿ ಕಳಿಸುವ ಕೆಲಸ ಶುರುವಾಯಿತು. ಅಮೆರಿಕದ ಒಂದು ಕ್ರೈಸ್ತ ಸಂಸ್ಥೆ ಅದನ್ನು ಕೈಗೆತ್ತಿಕೊಂಡ ಮೇಲೆ ಪ್ರತಿ ವರ್ಷ ಲಕ್ಷಗಟ್ಟಲೆ ಡಬ್ಬಿ ಜಗತ್ತಿನ ಬಡ ದೇಶಗಳಿಗೆ ಹೋಗತೊಡಗಿದವು. ಡಬ್ಬಿ ತುಂಬುವ ಸುಖ ತುಂಬುವವನಿಗೆ ಸಿಗುತ್ತದೆ. ಡಬ್ಬಿ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಡಬ್ಬಿಯಲ್ಲಿ ಹಿಡಿಸುವುದಿಲ್ಲ.

ಬಾಸೆಲ್ ಮಿಶನ್ನಿನವರಿಗೂ ಇದು ಗೊತ್ತಾಗಿತ್ತು. ಕ್ರೈಸ್ತರಾದವರನ್ನು ಊರು ಕೆಲಸದಿಂದ, ಮನೆಯಿಂದ, ಜಮೀನಿನಿಂದ ಹೊರಹಾಕಿದಾಗ, ದಾನದಿಂದ ಹೊಟ್ಟೆ ತುಂಬುವುದಿಲ್ಲ ಎಂದು ತಿಳಿದು ನೇಯ್ಗೆ ಕಾರ್ಖಾನೆ ತೆರೆದರು. 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿ ಕೂಲಿ ಕಡಿಮೆಯಿತ್ತು, ಶಿಸ್ತು ಕಟುವಾಗಿತ್ತು, ಲಾಭ ಮಿಶನ್ನಿನದು. ಆದರೂ ಕೂಲಿ ಎಣಿಸಿಕೊಂಡು ಮನೆಗೆ ಹೋಗುವವನ ನಡಿಗೆ ಬೇರೆ, ಗಂಟು ಹೊತ್ತು ಹೋಗುವವನ ನಡಿಗೆ ಬೇರೆ.

*

ಮಿರಜದ ಕೈಗೆ ಮತ್ತೆ ಬರೋಣ. ಡಾಕ್ಟರು ಅಸ್ಪೃಶ್ಯರ ಕೈ ಹಿಡಿದ. ಅದು ಅವನ ದಯೆ. ಡಾಕ್ಟರು ಹೋದರೆ ದಯೆಯೂ ಹೋಗುತ್ತದೆ. ಹಾಗಾಗದಂತೆ ಮಾಡಿದವರು ಕೊಲ್ಲಾಪುರದ ಶಾಹೂ ಮಹಾರಾಜರು.

ಶಾಹೂ ಮಹಾರಾಜರು 1902ರ ಜುಲೈ 26ರಂದು ತಮ್ಮ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟ ದೊರೆ. ಕೊಲ್ಲಾಪುರದ ಸರ್ಕಾರಿ ದವಾಖಾನೆಗಳಲ್ಲಿ ಅಸ್ಪೃಶ್ಯ ರೋಗಿಗಳನ್ನು ಒಳಗೆ ಬಿಡದೆ, ಮುಟ್ಟದೆ, ದೂರದಿಂದಲೇ ನೋಡಿ ಕಳಿಸುವುದು ಅವರ ಕಿವಿಗೆ ಬಿತ್ತು. 1919ರಲ್ಲಿ ಅವರು ಆಜ್ಞೆ ಹೊರಡಿಸಿದರು. ಸರ್ಕಾರಿ ಆಸ್ಪತ್ರೆ ಯಾರ ಖಾಸಗಿ ಮನೆಯೂ ಅಲ್ಲ, ಅದು ಜನರ ಸೊತ್ತು, ಅಸ್ಪೃಶ್ಯ ರೋಗಿಗಳನ್ನು ಎಲ್ಲರಂತೆ ನೋಡಬೇಕು, ಹೇಗೆ ನೋಡಬೇಕೆಂದು ತಿಳಿಯದಿದ್ದರೆ ಮಿರಜದ ಅಮೆರಿಕನ್ ಮಿಶನ್ನಿನವರಿಂದ ಕಲಿಯಿರಿ ಎಂಬುದು ಅದರ ತಾತ್ಪರ್ಯ. ಅದೇ ಕಾಲದ ಅವರ ಆಜ್ಞೆಗಳಲ್ಲಿ, ಹಾಗೆ ನಡೆಯಲು ಮನಸ್ಸಿಲ್ಲದ ನೌಕರರು ಆರು ವಾರಗಳಲ್ಲಿ ರಾಜೀನಾಮೆ ಕೊಡಬೇಕು, ಅವರಿಗೆ ಪೆನ್ಶನ್ ಸಿಗುವುದಿಲ್ಲ ಎಂಬ ಮಾತೂ ಇದೆ.

ಇಲ್ಲಿ ಏನಾಯಿತು ನೋಡಿ. ಮಿರಜದಲ್ಲಿ ಪರದೇಶದ ಡಾಕ್ಟರನ ಒಳ್ಳೆಯತನವಾಗಿದ್ದದ್ದು ಕೊಲ್ಲಾಪುರದಲ್ಲಿ ಕಾನೂನಾಯಿತು. ಒಳ್ಳೆಯತನಕ್ಕೆ ಕೈ ಮುಗಿಯಬೇಕು. ಕಾನೂನು ಇದ್ದರೆ ಕೈ ಮುಗಿಯಬೇಕಿಲ್ಲ, ಮುಟ್ಟದ ಕಂಪೌಂಡರನ ಮೇಲೆ ಫಿರ್ಯಾದು ಕೊಡಬಹುದು. ದಾನ ಹಕ್ಕಾಗಿ ಬದಲಾದ ಈ ಗಳಿಗೆಯೇ ನಮ್ಮ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ತಿರುಳು.

ಮುಂದಿನ ವರ್ಷ, 1920ರ ಮಾರ್ಚಿನಲ್ಲಿ, ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷರು ಡಾ. ಅಂಬೇಡ್ಕರ್. ಶಾಹೂ ಮಹಾರಾಜರು ಅಲ್ಲಿಗೆ ಬಂದು, ಇವರೇ ನಿಮ್ಮ ನಾಯಕರು ಎಂದು ಜನರಿಗೆ ಹೇಳಿದರು. ಐದು ವರ್ಷದ ಮೇಲೆ, 1925ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬರು ನಮ್ಮ ನಿಪ್ಪಾಣಿಗೇ ಬಂದು ಪರಿಷತ್ತು ನಡೆಸಿದರು. ಕೃಷ್ಣಾ ಪಂಚಗಂಗಾ ಸೀಮೆಯ ಕೇರಿಗಳಿಗೆ ಬಾಬಾಸಾಹೇಬರು ದೂರದ ಮುಂಬಯಿಯ ಹೆಸರಾಗಿರಲಿಲ್ಲ.

ಬಾಬಾಸಾಹೇಬರೂ ಒಂದು ಕಾಲಕ್ಕೆ ಪರದೇಶಕ್ಕೆ ಹೋದ ವಿದ್ಯಾರ್ಥಿ. 1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ವಾನ್ಲೆಸ್ ಯಾವ ಊರಿನಲ್ಲಿ ಡಾಕ್ಟರಿಕೆ ಕಲಿತು ಮಿರಜಕ್ಕೆ ಬಂದನೋ, ಅದೇ ಊರಿಗೆ ಮಹಾರ ಜಾತಿಯ ಹುಡುಗನೊಬ್ಬ ಅರ್ಥಶಾಸ್ತ್ರ ಕಲಿಯಲು ಹೋದ. ವಿದ್ಯಾರ್ಥಿವೇತನವೂ ಕೊಡುಗೆಯೇ. ಆದರೆ ಅದನ್ನು ಪಡೆದವನು ಪರೀಕ್ಷೆ ಬರೆದು, ಪ್ರಬಂಧ ಬರೆದು, ಹಿಂತಿರುಗಿ ಬಂದು ಕೊಟ್ಟವರ ಜೊತೆ ಸಮಾನವಾಗಿ ನಿಂತು ವಾದ ಮಾಡಬಲ್ಲವನಾದ. 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಹೊರಟಾಗ ಶಾಹೂ ಮಹಾರಾಜರು ಕೊಟ್ಟ 2,500 ರೂಪಾಯಿ ಅಂಗಿಯಾಗಲಿಲ್ಲ, ಮಿಠಾಯಿಯಾಗಲಿಲ್ಲ. ಮಾತಾಯಿತು.

ಮಿಶನರಿಗಳ ಬಗ್ಗೆ ಬಾಬಾಸಾಹೇಬರು ಬರೆದದ್ದನ್ನು ನಮ್ಮವರು ಓದಬೇಕು. ಅವರು ಮಿಶನ್ನಿನ ಸೇವೆಯನ್ನು ಅಲ್ಲಗಳೆಯಲಿಲ್ಲ. ಆದರೆ ಮಿಶನ್ನಿನ ಕಾಲೇಜು, ಆಸ್ಪತ್ರೆಗಳ ಲಾಭ ಹೆಚ್ಚಾಗಿ ಸವರ್ಣೀಯರಿಗೇ ಹೋಯಿತು, ಕ್ರೈಸ್ತರಾದ ಅಸ್ಪೃಶ್ಯರು ಹಿಂದೆಯೇ ಉಳಿದರು ಎಂದು ಲೆಕ್ಕ ಕೇಳಿದರು. ಕ್ರೈಸ್ತನಾದ ಮೇಲೂ ಅಸ್ಪೃಶ್ಯನ ಜಾತಿ ಅವನ ಬೆನ್ನು ಬಿಡಲಿಲ್ಲ, ಚರ್ಚಿನಲ್ಲೂ ಬೇರೆ ಬೆಂಚು, ಸ್ಮಶಾನದಲ್ಲೂ ಬೇರೆ ಜಾಗ ಕಂಡ ಊರುಗಳಿವೆ ಎಂದು ಎತ್ತಿ ತೋರಿದರು. ಇದು ಪಾದ್ರಿಗಳ ಶತ್ರುವಿನ ಮಾತಲ್ಲ. ಯಾರ ಉಪಕಾರಕ್ಕೂ ಬಾಯಿ ಕಟ್ಟಿಸಿಕೊಳ್ಳದ ಮನುಷ್ಯನ ಮಾತು.

*

ಉಪಕಾರ ಪಡೆದವರ ಮೇಲೆ ಸರ್ಕಾರವೂ ಒಂದು ದಂಡ ಹಾಕಿದೆ. 1950ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಆದೇಶದ ಮೂರನೆಯ ಕಲಮು, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮದಲ್ಲಿದ್ದವರನ್ನು ಪರಿಶಿಷ್ಟ ಜಾತಿ ಎಂದು ಪರಿಗಣಿಸುವುದಿಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತರು, ಮುಸ್ಲಿಂ ದಲಿತರು ಹೊರಗೇ ಉಳಿದರು. ಕೇರಿ ಅದೇ, ಮನೆತನ ಅದೇ, ಊರವರು ಕರೆಯುವ ಹೆಸರೂ ಅದೇ. ಪ್ರಮಾಣಪತ್ರ ಮಾತ್ರ ಇಲ್ಲ. ಹೀಗಾಗಿ ನಮ್ಮ ಸೀಮೆಯಲ್ಲಿ ಭಾನುವಾರ ಚರ್ಚಿಗೆ ಹೋಗಿ ಸೋಮವಾರ ಶಾಲೆಯ ದಾಖಲೆಯಲ್ಲಿ ಹಿಂದೂ ಎಂದು ಬರೆಸುವವರು ಇದ್ದಾರೆ. ಅವರನ್ನು ಸುಳ್ಳರು ಎನ್ನುವವರು, ಯಾವ ಸತ್ಯ ಹೇಳಿದರೆ ಅವರ ಮಕ್ಕಳಿಗೆ ಹಾಸ್ಟೆಲ್ ಸಿಗುತ್ತದೆ ಎಂದು ಮೊದಲು ಹೇಳಲಿ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯಲ್ಲೇ ನಡೆಯಿತು. 2021ರ ಡಿಸೆಂಬರ್ 23. ಕ್ರಿಸ್‌ಮಸ್ಸಿಗೆ ಎರಡು ದಿನ ಇತ್ತು. ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆ ಮತಾಂತರ ನಿಷೇಧದ ಮಸೂದೆ ಅಂಗೀಕರಿಸಿತು. 2022ರಲ್ಲಿ ಅದು ಕಾನೂನಾಯಿತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆ ಕಾನೂನಿನಲ್ಲಿ 'ಆಮಿಷ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಉಡುಗೊರೆ ಇದೆ, ಹಣ ಇದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಶಿಕ್ಷಣವೂ ಇದೆ. ಮತಾಂತರಗೊಳ್ಳುವವರು ಪರಿಶಿಷ್ಟ ಜಾತಿಯವರೋ, ಪಂಗಡದವರೋ, ಹೆಂಗಸರೋ ಆಗಿದ್ದರೆ ಶಿಕ್ಷೆ ಹೆಚ್ಚು.

ನಾವು ಮೇಲೆ ಗಂಟನ್ನು ಟೀಕಿಸಿದ್ದೇವೆ. ಆದ್ದರಿಂದಲೇ ಇದನ್ನೂ ಹೇಳಲೇಬೇಕು. ಗಂಟಿನ ಬಗ್ಗೆ ನಮಗಿರುವ ಸಂಕಟ ಬೇರೆ, ಈ ಕಾನೂನಿನ ಸಿಟ್ಟು ಬೇರೆ. ಒಂದು ಸಾಬೂನಿಗೆ, ಒಂದು ಅಂಗಿಗೆ ಹೊಲೆಯ ಮಾದಿಗರು ದೇವರನ್ನೇ ಮಾರುತ್ತಾರೆ ಎಂದು ಈ ಕಾನೂನು ತಿಳಿದಿತ್ತು. ನಮಗೆ ಬುದ್ಧಿ ಇಲ್ಲ, ಹೊಟ್ಟೆ ಮಾತ್ರ ಇದೆ ಎಂದು ತಿಳಿದಿತ್ತು. ಒಂದು ಸಾಬೂನು ಅಷ್ಟು ದೊಡ್ಡ ಆಮಿಷ ಆಗುವುದಾದರೆ, ಆ ಸಾಬೂನನ್ನು ಇಷ್ಟು ಶತಮಾನ ನಮಗೆ ದೊರೆಯದಂತೆ ಮಾಡಿದವರು ಯಾರು? ಕೈ ಹಿಡಿದು ನಾಡಿ ನೋಡಿದ್ದೇ ಆಮಿಷವಾದರೆ, ನಾಡಿ ಮುಟ್ಟದೆ ಬಿಟ್ಟ ಊರಿಗೆ ಯಾವ ಕಲಮು ಹಚ್ಚುತ್ತೀರಿ? ಕಟಕಟೆಯಲ್ಲಿ ನಿಲ್ಲಿಸಬೇಕಾದದ್ದು ಕೊಟ್ಟವನನ್ನೂ ಅಲ್ಲ, ಇಸಕೊಂಡವನನ್ನೂ ಅಲ್ಲ. ಕೊಡದೆ ಇದ್ದ ಊರನ್ನು.

ಇಸಕೊಂಡವರು ಬಾಯಿ ಬಿಟ್ಟ ಗಳಿಗೆಯೂ ನಮ್ಮ ರಾಜ್ಯದ್ದೇ. 1981ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ದಲಿತ ಕ್ರೈಸ್ತ ಪಂಡಿತರು ವಿದ್ಯಾರ್ಥಿಗಳ ಮುಂದೆ ಒಂದು ಉಪನ್ಯಾಸ ಮಾಡಿದರು. ಭಾರತದ ಕ್ರೈಸ್ತ ಚಿಂತನೆ ಇಷ್ಟು ದಿನ ಬ್ರಾಹ್ಮಣ ವೇದಾಂತದ ಮಾತನ್ನೇ ಆಡಿದೆ, ಚರ್ಚಿನಲ್ಲಿ ಕುಳಿತಿರುವ ಬಹುಪಾಲು ಜನ ಮಾತ್ರ ದಲಿತರು, ಅವರ ನೋವಿನಿಂದ ಹುಟ್ಟುವ ಚಿಂತನೆ ಎಲ್ಲಿ ಎಂಬುದು ಅವರ ಪ್ರಶ್ನೆ. ಅದರಿಂದ ದಲಿತ ದೇವಶಾಸ್ತ್ರ ಎಂಬ ಧಾರೆಯೇ ಹುಟ್ಟಿತು. ಕರ್ನಾಟಕದಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ. ಎರಡಕ್ಕೂ ನಡುವೆ ಎರಡೇ ವರ್ಷ. ಒಂದೇ ಊರಿನಲ್ಲಿ ಕಾವ್ಯದವರು, ಪಾದ್ರಿಗಳು ಒಂದೇ ಪ್ರಶ್ನೆ ಕೇಳುತ್ತಿದ್ದರು.

*

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂತು. ನಮ್ಮ ಸೀಮೆಯ ಹೊಳಿಸಾಲಿನ ಊರುಗಳೆಲ್ಲ ನೀರಲ್ಲಿ ನಿಂತವು. ಆಗ ಲಾರಿಗಟ್ಟಲೆ ಗಂಟು ಬಂದವು. ಮಠದವರು, ಮಸೀದಿಯವರು, ಚರ್ಚಿನವರು, ಪಕ್ಷದವರು, ಕಾಲೇಜು ಹುಡುಗರು ಎಲ್ಲರೂ ತಂದರು. ಅವರಲ್ಲಿ ಒಳ್ಳೆಯವರು ಬಹಳ. ಆದರೆ ಗಂಟು ಬಿಚ್ಚಿದಾಗ ಮದುವೆಯ ಹಳೇ ಕೋಟು, ಒಂದೇ ಕಾಲಿನ ಬೂಟು ಸಿಕ್ಕಿದ್ದೂ ಉಂಟು. ಕೇರಿಯ ಹೆಣ್ಣುಮಗಳೊಬ್ಬಳು ಕೋಟು ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡ ಕಬ್ಬ ಕಡೀಬೇಕೇನ್ರಿ?" ಅಂದಳು. ಎಲ್ಲರೂ ನಕ್ಕೆವು. ಆ ನಗೆ ನಮಗೆ ಮುಖ್ಯ. ಇಸಕೊಂಡರೂ ನಗುವ ಹಕ್ಕು ಬಿಟ್ಟುಕೊಡದವಳು ಅವಳು.

ನಮ್ಮ ಕೇರಿಗೂ ಒಂದು ಕೊಡುವ ಪದ್ಧತಿ ಇದೆ. ಏಪ್ರಿಲ್ 14 ಹತ್ತಿರ ಬಂದಾಗ ಹುಡುಗರು ಪಟ್ಟಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಕಬ್ಬು ಕಡಿಯುವವರು, ಗಾರೆ ಕೆಲಸದವರು, ವಿಧವೆಯರು ಎಲ್ಲರೂ ಹತ್ತೋ ಇಪ್ಪತ್ತೋ ಕೊಡುತ್ತಾರೆ. ಹೆಸರು, ಮೊತ್ತ ಬರೆಯುತ್ತಾರೆ. ಜಯಂತಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಲೆಕ್ಕ ಒಪ್ಪಿಸುತ್ತಾರೆ. ಉಳಿದ ದುಡ್ಡಿನಲ್ಲಿ ಯಾರ ಮಗುವಿಗೋ ಪುಸ್ತಕ, ಯಾರಿಗೋ ಮಿರಜದ ಬಸ್ ಚಾರ್ಜು. ಇಲ್ಲಿ ಕೊಡುವವನೂ ಇಸಕೊಳ್ಳುವವನೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. ಲೆಕ್ಕ ಕೇಳುವ ಹಕ್ಕು ಇಬ್ಬರಿಗೂ ಇದೆ. ಸ್ವಿಸ್ ಕೂಲಿಕಾರರ ಅರ್ಧ ಬಾಟ್ಸೆನ್ನಿಗೆ ಹತ್ತಿರದ ನೆಂಟು ಇದು.

ವೈಲ್ಡರನ ಚರಿತ್ರೆ ಬರೆದಿದ್ದಾರೆ. ವಾನ್ಲೆಸ್ ತನ್ನ ಕತೆ ತಾನೇ ಬರೆದ. ಕೊಟ್ಟವರ ವರದಿ, ಪತ್ರ, ಫೋಟೋ ಎಲ್ಲ ಅಮೆರಿಕದ, ಸ್ವಿಟ್ಜರ್ಲೆಂಡಿನ ಕಪಾಟುಗಳಲ್ಲಿ ಭದ್ರವಾಗಿವೆ. ಆದರೆ ಆ ದವಾಖಾನಿಯ ಬಾಗಿಲಲ್ಲಿ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಅಂಜಿದ ನಮ್ಮ ಅಜ್ಜಿಯರ ಮಾತು ಎಲ್ಲೂ ಬರೆದಿಲ್ಲ. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈ ಪತ್ರಿಕೆ ಓದುವ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಕೇರಿಯ ಹಿರಿಯರ ಹತ್ತಿರ ಕೂತುಕೊಳ್ಳಿ. ಮಿರಜಕ್ಕೆ ಮೊದಲ ಸಲ ಹೋದದ್ದು ಯಾವಾಗ, ಯಾರು ಒಯ್ದರು, ಒಳಗೆ ಯಾರು ಮುಟ್ಟಿದರು, ಹೊರಗೆ ಬಂದಾಗ ಊರು ಏನೆಂದಿತು ಎಂದು ಕೇಳಿ. ಕ್ರಿಸ್‌ಮಸ್ಸಿನ ಗಂಟು ಬಂದಿದ್ದರೆ ಅದರಲ್ಲಿ ಏನಿತ್ತು, ಏನು ಅನ್ನಿಸಿತು ಎಂದು ಕೇಳಿ. ಅವರು ಹೇಳಿದ ಹಾಗೇ, ಅವರದೇ ಮಾತಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕೋಣ.